ಬೆಂಗಳೂರು–ಮೈಸೂರು ಹೆದ್ದಾರಿ: ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಸ್ವಂತ ಕಾರಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋಗಿಬರುವ ಕುರಿತು ಬಂದಿರುವ ಪತ್ರಗಳಲ್ಲಿ ಹಲವರಿಗೆ ಉಪಯೋಗವಾಗಬಹುದಾದ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮುಂದಿನ ತಿಂಗಳು ಒಂದು ಭಾನುವಾರ ಮೈಸೂರಿನಲ್ಲಿ ನನ್ನ ಸೋದರಮಾವನ ಮಗಳ ಮದುವೆಯಿದೆ, ಮುಹೂರ್ತ ಬೆಳಿಗ್ಗೆ ಹತ್ತೂವರೆಗೆ. ಬನಶಂಕರಿಯಿಂದ ಅಪ್ಪ, ಅಮ್ಮ, ಪತ್ನಿ ಮತ್ತು ಆರು ವರ್ಷದ ಮಗಳೊಂದಿಗೆ ನಮ್ಮ ಕಾರಿನಲ್ಲೇ ಹೊರಡಬೇಕೆಂದಿದ್ದೇನೆ. ಕಾರು 2018ರಲ್ಲಿ ಕೊಂಡದ್ದು. ಬಹುಪಾಲು ಊರೊಳಗೇ ಓಡಿದೆ, ನನಗೂ ಹೆದ್ದಾರಿಯ ಅಭ್ಯಾಸ ಕಡಿಮೆ. ಈಗ ಒಂದೂಕಾಲು ಗಂಟೆಯ ದಾರಿ ಎಂದು ಎಲ್ಲರೂ ಹೇಳುತ್ತಾರೆ. ಎಂಟು ಗಂಟೆಗೆ ಹೊರಟರೆ ಸಾಕೇ?
— ಓದುಗರು, ಬೆಂಗಳೂರು

ಉತ್ತರ: ಸಾಲದು, ಆರು ಗಂಟೆಗೆ ಹೊರಡಿ. ಒಂದೂಕಾಲು ಗಂಟೆ ಎಂಬ ಮಾತು ಸುಳ್ಳಲ್ಲ, ಆದರೆ ಅದು ಹೆದ್ದಾರಿಯ ನಡುಭಾಗಕ್ಕಷ್ಟೇ ಸಲ್ಲುವ ಲೆಕ್ಕ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ ಹೆದ್ದಾರಿಯ ಉದ್ದ ಸುಮಾರು 118 ಕಿಲೋಮೀಟರ್. ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸ್‌ಗಳ ಮೂಲಕ ಹೊರಗಿಟ್ಟು, ಮದ್ದೂರನ್ನು ಮೇಲ್ಸೇತುವೆಯಲ್ಲಿ ದಾಟಿ ಹೋಗುವ ರಸ್ತೆ. ಗಂಟೆಗೆ 90 ಕಿಲೋಮೀಟರಿನ ಸರಾಸರಿ ಸಿಕ್ಕರೆ ಅಷ್ಟು ದೂರಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಸಾಕು. ಸಮಯ ಹೋಗುವುದು ಎರಡು ತುದಿಗಳಲ್ಲಿ: ನಿಮ್ಮ ಮನೆಯಿಂದ ಕೆಂಗೇರಿ ದಾಟುವವರೆಗೆ ಮತ್ತು ಮೈಸೂರಿನ ವರ್ತುಲ ರಸ್ತೆಯ ಜಂಕ್ಷನ್‌ನಿಂದ ಕಲ್ಯಾಣ ಮಂಟಪದ ಬಾಗಿಲವರೆಗೆ. ಮೊದಲ ತುದಿಗೆ ಮುಕ್ಕಾಲು ಗಂಟೆ, ನಡುವಿನ ದಾರಿಗೆ ಒಂದೂವರೆ ಗಂಟೆ, ತಿಂಡಿಗೆ ಅರ್ಧ ಗಂಟೆ, ಕೊನೆಯ ತುದಿಗೆ ಅರ್ಧದಿಂದ ಮುಕ್ಕಾಲು ಗಂಟೆ ಎಂದಿಟ್ಟುಕೊಂಡರೆ ಒಂಬತ್ತೂವರೆಯ ಸುಮಾರಿಗೆ ತಲುಪುತ್ತೀರಿ. ಅಮ್ಮನಿಗೆ ಸೀರೆ ಬದಲಾಯಿಸಿಕೊಳ್ಳಲು, ಅಪ್ಪನಿಗೆ ಸ್ವಲ್ಪ ಸುಧಾರಿಸಿಕೊಳ್ಳಲು ಅವಕಾಶ ಬೇಕಲ್ಲವೇ? ಬನಶಂಕರಿಯ ಕಡೆಯವರಿಗೆ ಕನಕಪುರ ರಸ್ತೆಯಲ್ಲಿ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಸೇರುವುದು ಸಲೀಸು. ಅದರ ಶುಲ್ಕ ಬೇರೆ, ಆದರೆ ನಾಯಂಡಹಳ್ಳಿಯ ದಟ್ಟಣೆ ತಪ್ಪುತ್ತದೆ.

ತಡವಾಯಿತೆಂದು ನಡುದಾರಿಯಲ್ಲಿ ವೇಗ ಹೆಚ್ಚಿಸಿ ಸರಿದೂಗಿಸುತ್ತೇನೆ ಎಂದುಕೊಳ್ಳಬೇಡಿ. ಈ ರಸ್ತೆಯಲ್ಲಿ ಕಾರಿನ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್. ಇಡೀ 118 ಕಿಲೋಮೀಟರನ್ನೂ 100ರ ಬದಲು 120ರಲ್ಲಿ ಓಡಿಸಿದರೂ ಉಳಿಯುವುದು ಹನ್ನೆರಡೇ ನಿಮಿಷ, ಮೈಸೂರಿನ ಒಂದೆರಡು ಸಿಗ್ನಲ್‌ಗಳು ಅದನ್ನು ಮರಳಿ ಕಸಿದುಕೊಳ್ಳುತ್ತವೆ. ರಸ್ತೆಯುದ್ದಕ್ಕೂ ಕ್ಯಾಮೆರಾಗಳಿವೆ, ಅಲ್ಲದೆ 2024ರ ಆಗಸ್ಟ್ 1ರಿಂದ ರಾಜ್ಯದ ಯಾವುದೇ ರಸ್ತೆಯಲ್ಲಿ 130 ಕಿಲೋಮೀಟರ್ ಮೀರಿ ಓಡಿಸುವವರ ಮೇಲೆ ಪೊಲೀಸರು ಎಫ್‌ಐಆರ್ ದಾಖಲಿಸುತ್ತಿದ್ದಾರೆ. ದಂಡಕ್ಕಿಂತ ಮುಖ್ಯವಾದ ಸಂಗತಿಯೆಂದರೆ, 100ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗಿರುತ್ತದೆ. ಊರೊಳಗೆ ಓಡಿಸಿ ರೂಢಿಯಾದವರು ಮುಂದಿನ ವಾಹನಕ್ಕೆ ಅಂಟಿಕೊಂಡೇ ಹೋಗುತ್ತಾರೆ. ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ನೀವು ಅದೇ ಕಂಬವನ್ನು ತಲುಪಲು ಕನಿಷ್ಠ ಮೂರು ಸೆಕೆಂಡುಗಳಾದರೂ ಹಿಡಿಯುವಷ್ಟು ಅಂತರವಿರಲಿ.

ಇನ್ನು ನಿಮ್ಮ ಕಾರಿನ ವಿಷಯ. ಎಂಜಿನ್ನಿಗಿಂತ ಮೊದಲು ಟೈರುಗಳನ್ನು ನೋಡಿ. ಟೈರಿನ ಪಕ್ಕದ ಗೋಡೆಯ ಮೇಲೆ, ಸಣ್ಣ ಅಂಡಾಕಾರದ ಚೌಕಟ್ಟಿನೊಳಗೆ, ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. ಅಲ್ಲಿ 2318 ಎಂದಿದ್ದರೆ ಆ ಟೈರು 2018ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಹೊರಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿ ಹುಡುಕಬೇಕು. ಕಡಿಮೆ ಓಡಿದ ಕಾರಿನ ಟೈರಿನಲ್ಲಿ ಕಚ್ಚುಗಳು ಆಳವಾಗಿಯೇ ಉಳಿದಿರುವುದರಿಂದ ಮಾಲೀಕರು ಟೈರು ಹೊಸದೆಂದೇ ಭಾವಿಸುತ್ತಾರೆ, ಆದರೆ ಬಿಸಿಲಿಗೂ ವಯಸ್ಸಿಗೂ ರಬ್ಬರು ಗಡುಸಾಗಿ ಕೂದಲೆಳೆಯಂಥ ಬಿರುಕುಗಳು ಮೂಡಿರುತ್ತವೆ. ಊರೊಳಗೆ 40ರ ವೇಗದಲ್ಲಿ ತೊಂದರೆ ಕೊಡದ ಅಂಥ ಟೈರು, ಐದು ಜನರ ಭಾರ ಹೊತ್ತು ಕಾಂಕ್ರೀಟು ಅಥವಾ ಡಾಂಬರಿನ ಮೇಲೆ ಒಂದೇ ಸಮನೆ 100ರಲ್ಲಿ ಓಡುವಾಗ ಬಿಸಿಯೇರಿ ಸಿಡಿಯುವ ಸಂಭವವಿದೆ. ನಿಮ್ಮ ಕಾರಿನ ಟೈರುಗಳು ಕೊಂಡಾಗಿನವೇ ಆಗಿದ್ದರೆ, ಮದುವೆಯ ಉಡುಗೊರೆಗೆ ಮೊದಲು ಅವುಗಳನ್ನು ಬದಲಾಯಿಸಿ ಎಂದೇ ನನ್ನ ಸಲಹೆ. ಗಾಳಿ ಎಷ್ಟಿರಬೇಕೆಂಬುದು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಪಟ್ಟಿಯಲ್ಲಿದೆ. ಪೂರ್ತಿ ಜನ ಕೂತಾಗಿನ ಅಳತೆಯನ್ನು ಅದರಲ್ಲಿ ಪ್ರತ್ಯೇಕವಾಗಿ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಟೈರು ತಣ್ಣಗಿರುವಾಗಲೇ ಗಾಳಿ ಹಿಡಿಸಿ, ಸ್ಟೆಪ್ನಿಯನ್ನು ಮರೆಯಬೇಡಿ.

ಮಗಳನ್ನು ಮುಂದಿನ ಸೀಟಿನಲ್ಲಿ, ಅದರಲ್ಲೂ ಅಜ್ಜನ ತೊಡೆಯ ಮೇಲೆ, ಕೂರಿಸಲೇಬೇಡಿ. ಡಿಕ್ಕಿಯಾದಾಗ ದೊಡ್ಡವರ ಕೈಹಿಡಿತ ಮಗುವನ್ನು ಉಳಿಸಲಾರದು, ಜೊತೆಗೆ ಏರ್‌ಬ್ಯಾಗ್ ಉಬ್ಬುವ ರಭಸವೇ ಮಗುವಿಗೆ ಪ್ರಾಣಾಂತಿಕವಾಗಬಲ್ಲದು. ಹದಿನಾಲ್ಕು ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕೆಂದು ಮೋಟಾರು ವಾಹನ ಕಾಯಿದೆಯ 194ಬಿ ಕಲಮು ಹೇಳುತ್ತದೆ. ಆರು ವರ್ಷದ ಮಗುವಿಗೆ ಎತ್ತರ ಕೊಡುವ ಬೂಸ್ಟರ್ ಸೀಟು ಹಾಕಿದರೆ ಬೆಲ್ಟು ಕುತ್ತಿಗೆಗೆ ತಾಗದೆ ಭುಜದ ಮೇಲೆ ಕೂರುತ್ತದೆ. ಹಿಂದೆ ಕೂತವರಿಗೆ ಬೆಲ್ಟು ಏಕೆಂದು ಅಮ್ಮ ಕೇಳಬಹುದು. ಬೆಲ್ಟು ಹಾಕದೆ ಹಿಂದೆ ಕೂತವರು ಡಿಕ್ಕಿಯಲ್ಲಿ ಮುಂದಿನವರ ಬೆನ್ನಿಗೆ ಬಂದು ಅಪ್ಪಳಿಸುತ್ತಾರೆಂಬುದನ್ನು ಸಮಾಧಾನದಿಂದ ತಿಳಿಸಿ ಹೇಳಿ.

ಮರಳುವಾಗಿನ ಎಚ್ಚರ ಇದಕ್ಕಿಂತಲೂ ದೊಡ್ಡದು. ನಸುಕಿನಲ್ಲೇ ಎದ್ದಿರುತ್ತೀರಿ, ಮಧ್ಯಾಹ್ನ ಬಾಳೆಲೆಯ ಮೇಲೆ ಹೋಳಿಗೆ, ಪಾಯಸದ ಊಟವಾಗಿರುತ್ತದೆ, ಎದುರಿಗೆ ತಿರುವಿಲ್ಲದ ರಸ್ತೆ ಚಾಚಿಕೊಂಡಿರುತ್ತದೆ; ತೂಕಡಿಕೆಗೆ ಇದಕ್ಕಿಂತ ಬೇರೆ ಕಾರಣ ಬೇಡ. ಊಟವಾದೊಡನೆ ಸ್ಟಿಯರಿಂಗ್ ಹಿಡಿಯದೆ, ಮಂಟಪದಲ್ಲೇ ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗಿ, ಮೂರು ಗಂಟೆಯ ಸುಮಾರಿಗೆ ಹೊರಡಿ. ಅದಕ್ಕೂ ತಡಮಾಡಿದರೆ ವಾರಾಂತ್ಯ ಮುಗಿಸಿ ಬೆಂಗಳೂರಿಗೆ ಮರಳುವವರ ಸಂದಣಿಯಲ್ಲಿ ಕುಂಬಳಗೋಡಿನಿಂದಲೇ ತೆವಳಬೇಕಾಗುತ್ತದೆ.

ಪ್ರಶ್ನೆ: ಟೋಲ್ ಎಲ್ಲೆಲ್ಲಿ ಕಟ್ಟಬೇಕು? ತಿಂಗಳಿಗೆ ಎರಡು ಬಾರಿ ಬೆಂಗಳೂರಿಗೆ ಹೋಗಿಬರುವ ನಮಗೆ ವಾರ್ಷಿಕ ಪಾಸ್ ಲಾಭವೇ?
— ಓದುಗರು, ಮೈಸೂರು

ಉತ್ತರ: ಈ ಹೆದ್ದಾರಿಯನ್ನು ಬೆಂಗಳೂರು–ನಿಡಘಟ್ಟ, ನಿಡಘಟ್ಟ–ಮೈಸೂರು ಎಂಬ ಎರಡು ಭಾಗಗಳಾಗಿ ನಿರ್ಮಿಸಿರುವುದರಿಂದ ಒಂದೊಂದು ಭಾಗಕ್ಕೆ ಒಂದೊಂದು ಬಾರಿ ಶುಲ್ಕವಿದೆ. ಮೊದಲ ಭಾಗಕ್ಕೆ ಬಿಡದಿಯ ಆಸುಪಾಸಿನಲ್ಲಿ, ಒಂದು ದಿಕ್ಕಿನವರಿಗೆ ಕಣಿಮಿಣಿಕೆಯಲ್ಲಿ, ಇನ್ನೊಂದು ದಿಕ್ಕಿನವರಿಗೆ ಶೇಷಗಿರಿಹಳ್ಳಿಯಲ್ಲಿ ವಸೂಲಿ ನಡೆಯುತ್ತದೆ. ಎರಡನೆಯ ಭಾಗಕ್ಕೆ ಶ್ರೀರಂಗಪಟ್ಟಣದ ಸಮೀಪದ ಗಣಂಗೂರಿನಲ್ಲಿ. 24 ಗಂಟೆಯೊಳಗೆ ಮರಳಿದರೆ ಎರಡೂ ಕಡೆಯದು ಸೇರಿ ಒಂದೂವರೆ ಪಟ್ಟು ಶುಲ್ಕವಷ್ಟೇ ಬೀಳುತ್ತದೆ. ದರಗಳು ಸಾಮಾನ್ಯವಾಗಿ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುವುದರಿಂದ ಕಳೆದ ವರ್ಷದ ಮೊತ್ತವನ್ನು ನಂಬಬೇಡಿ. ಫಾಸ್ಟ್ಯಾಗ್ ಖಾತೆಯಲ್ಲಿ ಹಣವಿದೆಯೇ, ಕೆವೈಸಿ ಸರಿಯಾಗಿದೆಯೇ ಎಂಬುದನ್ನು ಹಿಂದಿನ ದಿನವೇ ನೋಡಿಕೊಳ್ಳಿ. ಟ್ಯಾಗ್ ಕೆಲಸ ಮಾಡದಿದ್ದರೆ ನಗದಿನಲ್ಲಿ ಎರಡು ಪಟ್ಟು, ಯುಪಿಐ ಮೂಲಕವಾದರೆ ಒಂದೂಕಾಲು ಪಟ್ಟು ತೆರಬೇಕೆಂಬ ನಿಯಮ 2025ರ ನವೆಂಬರ್ 15ರಂದು ಜಾರಿಗೆ ಬಂದಿತ್ತು.

ವಾರ್ಷಿಕ ಪಾಸ್ 2025ರ ಆಗಸ್ಟ್ 15ರಂದು ಆರಂಭವಾದಾಗ ಅದರ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಬಾರಿ ಟೋಲ್ ದಾಟುವುದು, ಯಾವುದು ಮೊದಲೋ ಅಲ್ಲಿಗೆ ಅದರ ಅವಧಿ ಮುಗಿಯುತ್ತದೆ. ಒಮ್ಮೆ ಹೋಗಿಬಂದರೆ ನಾಲ್ಕು ಬಾರಿ ದಾಟಿದ ಲೆಕ್ಕವಾಗುವುದರಿಂದ 200 ಎಂಬುದು ಐವತ್ತು ಸಲ ಹೋಗಿಬರುವುದಕ್ಕೆ ಸಮ. ವರ್ಷಕ್ಕೆ ಇಪ್ಪತ್ತನಾಲ್ಕು ಬಾರಿ ಹೋಗಿಬರುವ ನಿಮಗೆ ಅದು ಖಂಡಿತ ಲಾಭ. ಸ್ವಂತ ಬಳಕೆಯ ಕಾರು, ಜೀಪು, ವ್ಯಾನುಗಳಿಗೆ ಮಾತ್ರ ಈ ಸೌಲಭ್ಯ; ಹಳದಿ ಫಲಕದ ವಾಹನಗಳಿಗೆ ಇಲ್ಲ. ಬಿಡಿ ಮದುವೆಗೋ ಹಬ್ಬಕ್ಕೋ ಹೋಗುವವರಿಗೆ ಇದರ ಅಗತ್ಯವಿಲ್ಲ.

ಪ್ರಶ್ನೆ: ನಮ್ಮ ತಂದೆಯವರಿಗೆ ಮಧುಮೇಹವಿದೆ; ಹೊತ್ತಿಗೆ ಸರಿಯಾಗಿ ತಿಂಡಿಯಾಗಬೇಕು, ಶೌಚಾಲಯವೂ ಬೇಕು. ಹಿಂದೆಲ್ಲ ದಾರಿಬದಿಯ ಹೋಟೆಲುಗಳಲ್ಲಿ ನಿಲ್ಲುತ್ತಿದ್ದೆವು. ಈಗ ಅವು ಕಣ್ಣಿಗೇ ಬೀಳುವುದಿಲ್ಲ.
— ಓದುಗರು, ತುಮಕೂರು

ಉತ್ತರ: ಬಿಡದಿಯ ತಟ್ಟೆ ಇಡ್ಲಿಯಾಗಲಿ ಮದ್ದೂರಿನ ವಡೆಯಾಗಲಿ ಎಲ್ಲಿಗೂ ಹೋಗಿಲ್ಲ, ಹಳೆಯ ರಸ್ತೆಯ ಬದಿಯಲ್ಲೇ ಇವೆ, ಮುಖ್ಯ ರಸ್ತೆ ಅವುಗಳನ್ನು ಬಿಟ್ಟು ಮುಂದೆ ಸಾಗುತ್ತದೆ. ಬೇಲಿ ಹಾಕಿದ ಈ ರಸ್ತೆಯಿಂದ ನಿಗದಿತ ಜಾಗಗಳಲ್ಲಿ ಮಾತ್ರ ಇಳಿಯಲು ಸಾಧ್ಯ. ಆದ್ದರಿಂದ ಹಸಿವಾದಾಗ ನೋಡೋಣ ಎಂಬ ಹಳೆಯ ಕ್ರಮ ಇಲ್ಲಿ ನಡೆಯುವುದಿಲ್ಲ. ಎಲ್ಲಿ ಇಳಿಯಬೇಕೆಂಬುದನ್ನು ಮನೆಯಲ್ಲೇ ತೀರ್ಮಾನಿಸಿ, ಪಕ್ಕದಲ್ಲಿ ಕೂತವರಿಗೆ ಫಲಕ ನೋಡುವ ಕೆಲಸ ಒಪ್ಪಿಸಿ. ತಂದೆಯವರ ಹೊತ್ತಿನ ದೃಷ್ಟಿಯಿಂದ, ಬೆಂಗಳೂರಿನಿಂದ ಹೊರಟ ಒಂದು ಗಂಟೆಯೊಳಗೆ ಸಿಗುವ ಬಿಡದಿಯನ್ನೇ ನಾನು ಆರಿಸುತ್ತೇನೆ, ಮದ್ದೂರಿನವರೆಗೆ ಕಾಯಿಸುವುದಿಲ್ಲ. ತಿಂಡಿ ತಡವಾದರೆಂದು ಅವರ ಕೈಗೆಟಕುವಂತೆ ಬಿಸ್ಕತ್ತು, ಬಾಳೆಹಣ್ಣು, ಒಂದಿಷ್ಟು ಸಕ್ಕರೆ ಇರಲಿ. ಇಳಿಯುವ ದಾರಿ ತಪ್ಪಿಹೋದರೆ ದಯವಿಟ್ಟು ಹಿಂದಕ್ಕೆ ಚಲಾಯಿಸಬೇಡಿ, ಅಂಚಿನಲ್ಲಿ ನಿಲ್ಲಿಸಬೇಡಿ. ಮುಂದಿನ ಇಳಿದಾರಿಯಲ್ಲಿ ಇಳಿದು ಸರ್ವೀಸ್ ರಸ್ತೆಯಲ್ಲಿ ಮರಳಬಹುದು.

ಪ್ರಶ್ನೆ: ಮಗ ಗೆಳೆಯರೊಂದಿಗೆ ಬೈಕಿನಲ್ಲಿ ಈ ಹೆದ್ದಾರಿಯಲ್ಲೇ ಮೈಸೂರಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಕಳುಹಿಸಬಹುದೇ?
— ಓದುಗರು, ಬೆಂಗಳೂರು

ಉತ್ತರ: ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಹೋಗುವುದೇ ಆದರೆ ಸರ್ವೀಸ್ ರಸ್ತೆ ಹಿಡಿಯಬೇಕು, ಇಲ್ಲವೇ ಕನಕಪುರ, ಮಳವಳ್ಳಿ, ಬನ್ನೂರು ಮಾರ್ಗವಾಗಿ ಹಗಲಿನಲ್ಲಿ ಹೋಗಬೇಕು. ಎರಡೂ ಊರುಗಳ ನಡುವೆ ರೈಲುಗಳಿಗೆ ಕೊರತೆಯಿಲ್ಲ ಎಂಬುದನ್ನೂ ಮಗನಿಗೆ ನೆನಪಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಈ ರಸ್ತೆಯನ್ನು ನಂಬಬಹುದೇ? ದಾರಿಯಲ್ಲಿ ಕಾರು ಕೆಟ್ಟರೆ ಏನು ಮಾಡಬೇಕು?
— ಓದುಗರು, ಮಂಡ್ಯ

ಉತ್ತರ: 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೆದ್ದಾರಿಯ ಮೇಲೆಯೇ ನೀರು ನಿಂತು ವಾಹನಗಳು ಮುಳುಗಿದ್ದನ್ನು ನೀವು ಮರೆತಿರಲಾರಿರಿ. ಅಂಥ ದಿನಗಳಲ್ಲಿ ಪ್ರಯಾಣವನ್ನೇ ಮುಂದೂಡುವುದು ಒಳ್ಳೆಯದು. ಸಾಮಾನ್ಯ ಮಳೆಯಲ್ಲಿ ಅಪಾಯ ಬೇರೆ ಬಗೆಯದು: ತೆಳುವಾಗಿ ನಿಂತ ನೀರಿನ ಪದರದ ಮೇಲೆ ವೇಗವಾಗಿ ಬಂದ ಟೈರು ನೆಲದ ಹಿಡಿತ ಬಿಟ್ಟು ತೇಲುತ್ತದೆ, ಆಗ ಬ್ರೇಕಾಗಲಿ ಸ್ಟಿಯರಿಂಗ್ ಆಗಲಿ ಮಾತು ಕೇಳುವುದಿಲ್ಲ. ಮಳೆ ಜೋರಾದರೆ ವೇಗವನ್ನು ಅರುವತ್ತಕ್ಕೆ ಇಳಿಸಿ, ವೇಗವನ್ನು ತಾನೇ ಒಂದೇ ಸಮ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಇದ್ದರೆ ಆರಿಸಿ, ಹೆಡ್‌ಲೈಟ್ ಹಾಕಿ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವ ಅಭ್ಯಾಸ ತಪ್ಪು. ನೀವು ಪಥ ಬದಲಾಯಿಸುವುದು ಹಿಂದಿನವರಿಗೆ ತಿಳಿಯುವುದೇ ಇಲ್ಲ.

ಕಾರು ಕೆಟ್ಟರೆ ಆದಷ್ಟು ಎಡಕ್ಕೆ ತಂದು ನಿಲ್ಲಿಸಿ, ಆಗ ಮಾತ್ರ ನಾಲ್ಕೂ ಇಂಡಿಕೇಟರ್ ಹಾಕಿ. ಎಲ್ಲರೂ ಎಡಬಾಗಿಲಿನಿಂದಲೇ ಇಳಿದು ತಡೆಬೇಲಿಯ ಆಚೆಗೆ ಹೋಗಿ ನಿಲ್ಲಲಿ. ಕಾರಿನೊಳಗೆ ಕೂತು ಕಾಯುವುದು ಸುರಕ್ಷಿತವಲ್ಲ. ಕೆಂಪು ತ್ರಿಕೋನವನ್ನು ಕಾರಿನಿಂದ ಐವತ್ತು ಮೀಟರಿಗೆ ಕಡಿಮೆಯಿಲ್ಲದಷ್ಟು ಹಿಂದೆ ಇಡಿ. ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033. ಪೊಲೀಸರಿಗೆ 112, ಆಂಬುಲೆನ್ಸಿಗೆ 108. ಕರೆ ಮಾಡುವಾಗ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಮತ್ತು ನೀವು ಬೆಂಗಳೂರಿನ ಕಡೆಗೆ ಹೋಗುತ್ತಿದ್ದಿರೋ ಮೈಸೂರಿನ ಕಡೆಗೋ ಎಂಬುದನ್ನು ಮೊದಲು ಹೇಳಿ. ನಡುವೆ ವಿಭಜಕವಿರುವುದರಿಂದ ದಿಕ್ಕು ತಪ್ಪಾಗಿ ತಿಳಿಸಿದರೆ ನೆರವಿನ ವಾಹನ ಮುಂದಿನ ಇಳಿದಾರಿಯವರೆಗೆ ಹೋಗಿ ತಿರುಗಿ ಬರಬೇಕಾಗುತ್ತದೆ.