ರಾಜ್ಯ ಬದಲಿಸಿದರೆ ಸಿ.ಪಿ.ಎ. ಪರವಾನಗಿ ಜೊತೆಗೆ ಬರುತ್ತದೆಯೇ?

ಪ್ರಶ್ನೆ: ಮಾನ್ಯರೆ, ನಾನು ಮೈಸೂರು ವಿಶ್ವವಿದ್ಯಾನಿಲಯದ ಬಿ.ಕಾಂ. ಪದವೀಧರ. ಊರಿನಲ್ಲೇ ಸಿ.ಎ. ಮುಗಿಸಿ ಅಮೆರಿಕಕ್ಕೆ ಬಂದವನು. 2014ರಿಂದ ನ್ಯೂಜೆರ್ಸಿಯ ಸಿ.ಪಿ.ಎ. (ಸರ್ಟಿಫೈಡ್ ಪಬ್ಲಿಕ್ ಅಕೌಂಟೆಂಟ್, ಅಂದರೆ ಅಮೆರಿಕದ ಅಧಿಕೃತ ಲೆಕ್ಕಪರಿಶೋಧಕ) ಪರವಾನಗಿ ಹೊಂದಿದ್ದು, ಚಿಕ್ಕದೊಂದು ಕಚೇರಿ ನಡೆಸುತ್ತಿದ್ದೇನೆ. ಪತ್ನಿಯ ಉದ್ಯೋಗದ ನಿಮಿತ್ತ ಮುಂದಿನ ಬೇಸಿಗೆಯಲ್ಲಿ ಟೆಕ್ಸಸ್‌ನ ಪ್ಲೇನೋಗೆ ಸಂಸಾರ ಸಾಗಿಸಬೇಕಾಗಿದೆ. ಹಳೆಯ ಗ್ರಾಹಕರ ಕೆಲಸವನ್ನು ಅಲ್ಲಿಂದಲೇ ಮುಂದುವರಿಸುವ ಆಸೆಯಿದೆ. ‘ಈಗ ಮೊಬಿಲಿಟಿ ಇದೆ, ಹೊಸ ಪರವಾನಗಿ ಬೇಕಿಲ್ಲ’ ಎಂದು ಒಬ್ಬ ಸ್ನೇಹಿತರು ಹೇಳಿದರೆ, ‘ಪರೀಕ್ಷೆಯನ್ನೇ ಮತ್ತೆ ಬರೆಯಬೇಕಾದೀತು’ ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಯಾರ ಮಾತು ಸರಿ?
— ಎಡಿಸನ್‌ನ ಓದುಗರು

ಉತ್ತರ: ಇಬ್ಬರ ಮಾತೂ ಸರಿಯಲ್ಲ. ಎರಡನೆಯವರ ಮಾತಿನಿಂದ ನಿಮಗೆ ವೃಥಾ ಚಿಂತೆಯಷ್ಟೇ ಆಗಿದೆ. ಮೊದಲನೆಯವರ ಮಾತನ್ನು ನಂಬಿ ನಡೆದರೆ ಕಾನೂನಿನ ತೊಂದರೆಗೆ ಸಿಲುಕುತ್ತೀರಿ.

ಭಾರತದಲ್ಲಿ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಅಡಿಯಲ್ಲಿ ಇಡೀ ದೇಶಕ್ಕೆ ಒಂದೇ ಸಂಸ್ಥೆಯಿದೆ. ಹುಬ್ಬಳ್ಳಿಯ ಸಿ.ಎ. ಪುಣೆಗೆ ಹೋಗಿ ನೆಲೆಸಿದರೆ ವಿಳಾಸ ಬದಲಾದುದನ್ನು ಸಂಸ್ಥೆಗೆ ತಿಳಿಸಬೇಕೇ ಹೊರತು ಹೊಸದಾಗಿ ಪರವಾನಗಿ ಕೇಳಬೇಕಾಗಿಲ್ಲ. ಅಮೆರಿಕದ ರೀತಿಯೇ ಬೇರೆ. ಅಲ್ಲಿ ಸಿ.ಪಿ.ಎ. ಕುರಿತ ಮೊದಲ ಕಾನೂನನ್ನು 1896ರಲ್ಲಿ ಮಾಡಿದ್ದು ನ್ಯೂಯಾರ್ಕ್ ರಾಜ್ಯ. ಆಮೇಲೆ ಒಂದೊಂದು ರಾಜ್ಯವೂ ತನ್ನದೇ ಕಾನೂನನ್ನೂ ಪರವಾನಗಿ ಕೊಡುವ ತನ್ನದೇ ಮಂಡಳಿಯನ್ನೂ ಕಟ್ಟಿಕೊಂಡಿತು. ಐವತ್ತು ರಾಜ್ಯಗಳ ಜೊತೆಗೆ ವಾಷಿಂಗ್ಟನ್ ಡಿ.ಸಿ., ಪೋರ್ಟೊ ರಿಕೊ, ಗುವಾಮ್ ಮೊದಲಾದವನ್ನೂ ಸೇರಿಸಿದರೆ ಇಂದು ಇಂತಹ 55 ಮಂಡಳಿಗಳಿವೆ. ಪರೀಕ್ಷೆ ಮಾತ್ರ ಎಲ್ಲೆಡೆಯೂ ಒಂದೇ. ಆದುದರಿಂದ ಒಮ್ಮೆ ತೇರ್ಗಡೆಯಾಗಿ ಹತ್ತು ವರ್ಷ ಮೀರಿ ವೃತ್ತಿ ನಡೆಸಿರುವ ನಿಮ್ಮಂಥವರು ಅದನ್ನು ಮತ್ತೆ ಬರೆಯಬೇಕಾದ ಪ್ರಸಂಗ ಬರುವುದಿಲ್ಲ.

ಇನ್ನು ಮೊಬಿಲಿಟಿಯ ವಿಚಾರ. ವೃತ್ತಿಯ ಮುಖ್ಯ ಕಚೇರಿಯನ್ನು ಒಂದು ರಾಜ್ಯದಲ್ಲಿಟ್ಟುಕೊಂಡ ಸಿ.ಪಿ.ಎ. ಮತ್ತೊಂದು ರಾಜ್ಯದ ಗ್ರಾಹಕರಿಗೆ ಸೇವೆ ಸಲ್ಲಿಸಲು ಅಲ್ಲಿಯೂ ಬೇರೆ ಪರವಾನಗಿ ಪಡೆಯುವ ಅಗತ್ಯವಿಲ್ಲ ಎಂಬುದೇ ಈ ಸೌಲಭ್ಯದ ತಿರುಳು. ನೀವು ಎಡಿಸನ್‌ನಲ್ಲಿ ಕುಳಿತು ಡಲ್ಲಾಸಿನ ಗ್ರಾಹಕರೊಬ್ಬರ ತೆರಿಗೆ ಪತ್ರ ಸಿದ್ಧಪಡಿಸಿದಾಗ ಅದು ನಿಮ್ಮ ನೆರವಿಗೆ ಬರುತ್ತದೆ. ಆದರೆ ಕಚೇರಿಯನ್ನೇ ಪ್ಲೇನೋಗೆ ಒಯ್ದ ದಿನ ನಿಮ್ಮ ವೃತ್ತಿಯ ಮುಖ್ಯ ನೆಲೆ ಟೆಕ್ಸಸ್ ಆಗುತ್ತದೆ. ಹೊರಗಿನಿಂದ ಬಂದು ಹೋಗುವವರಿಗೆಂದು ಮಾಡಿದ ಸೌಲಭ್ಯ ಅಲ್ಲಿಯೇ ನೆಲೆಸಿದವರಿಗೆ ಅನ್ವಯಿಸುವುದಿಲ್ಲ. ಆಗ ಬೇಕಾಗುವುದು ರೆಸಿಪ್ರಾಸಿಟಿ ಎನ್ನುವ ದಾರಿ. ಅಂದರೆ ಒಂದು ರಾಜ್ಯದ ಪರವಾನಗಿಯ ಆಧಾರದ ಮೇಲೆ ಇನ್ನೊಂದು ರಾಜ್ಯದ ಪರವಾನಗಿ ಪಡೆಯುವುದು.

ಮೂರು ವರ್ಷದ ಭಾರತೀಯ ಪದವಿ ಪಡೆದವರನ್ನು ಹೆಚ್ಚು ಕಾಡುವ ಅಳುಕು ಇಲ್ಲಿಯೇ ಹುಟ್ಟುತ್ತದೆ. ‘ನನ್ನ ಬಿ.ಕಾಂ. ಅಮೆರಿಕದ ಪದವಿಗೆ ಎಷ್ಟು ಸಮ ಎಂಬ ಮೌಲ್ಯಮಾಪನ ಮತ್ತೆ ಮೊದಲಿನಿಂದ ಆಗಬೇಕೆ, ಪರವಾನಗಿಗೆ ಕೇಳುವ 150 ಕ್ರೆಡಿಟ್ ಗಂಟೆಗಳ (ಕಾಲೇಜು ಓದಿನ ಅಳತೆ) ಲೆಕ್ಕ ಈ ಬಾರಿ ಕಡಿಮೆ ಬಿದ್ದರೆ ಏನು ಗತಿ’ ಎಂದು ಕೇಳುವವರು ಬಹಳ ಮಂದಿ. ಈ ಅಳುಕು ಸಹಜವಾದದ್ದು, ಆದರೆ ನಿಮ್ಮ ವಿಷಯದಲ್ಲಿ ಅದಕ್ಕೆ ಹೆಚ್ಚಿನ ಆಧಾರವಿಲ್ಲ. ಪರೀಕ್ಷೆ ತೇರ್ಗಡೆಯಾದ ಮೇಲೆ, ಅರ್ಜಿಯ ಹಿಂದಿನ ಹತ್ತು ವರ್ಷಗಳಲ್ಲಿ ಕನಿಷ್ಠ ನಾಲ್ಕು ವರ್ಷ ವೃತ್ತಿ ನಡೆಸಿದವರಿಗೆ ಆ ಅನುಭವವನ್ನೇ ಪರಿಗಣಿಸಿ ಪರವಾನಗಿ ಕೊಡುವ ನಿಯಮವೊಂದಿದೆ. ವೃತ್ತಿಯವರು ಅದನ್ನು ‘ಹತ್ತರಲ್ಲಿ ನಾಲ್ಕು’ ಎಂದೇ ಕರೆಯುತ್ತಾರೆ. ಟೆಕ್ಸಸ್‌ನಲ್ಲೂ ಈ ದಾರಿ ತೆರೆದಿದೆ. ಹಾಗಿದ್ದರೂ, ನ್ಯೂಜೆರ್ಸಿಗೆ ಮೊದಲು ಸಲ್ಲಿಸಿದ ಪದವಿ ಮೌಲ್ಯಮಾಪನದ ವರದಿ ಮನೆಯಲ್ಲಿದ್ದರೆ ಜೋಪಾನವಾಗಿ ತೆಗೆದಿಡಿ. ಮೈಸೂರಿನಿಂದ ಅಂಕಪಟ್ಟಿಗಳನ್ನು ಎರಡನೆಯ ಬಾರಿ ತರಿಸುವುದು ಎಷ್ಟು ತಾಳ್ಮೆ ಬೇಡುವ ಕೆಲಸ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಅರ್ಜಿಯನ್ನು ಆಸ್ಟಿನ್‌ನಲ್ಲಿರುವ ಟೆಕ್ಸಸ್ ರಾಜ್ಯ ಮಂಡಳಿಗೆ, ಮನೆ ಸಾಗಿಸುವುದಕ್ಕೆ ನಾಲ್ಕಾರು ತಿಂಗಳು ಮೊದಲೇ ಸಲ್ಲಿಸಿ. ನಿಮ್ಮ ಪರವಾನಗಿ ಚಾಲ್ತಿಯಲ್ಲಿದೆ, ನಿಮ್ಮ ಮೇಲೆ ಶಿಸ್ತುಕ್ರಮವಿಲ್ಲ ಎಂಬ ದೃಢೀಕರಣವನ್ನು ನ್ಯೂಜೆರ್ಸಿ ಮಂಡಳಿಯಿಂದ ಪಡೆಯಬೇಕಾಗುತ್ತದೆ, ಬೆರಳಚ್ಚನ್ನೂ ಕೊಡಬೇಕಾಗುತ್ತದೆ. ಈ ಕಾಗದಗಳು ಎರಡು ಕಚೇರಿಗಳ ನಡುವೆ ಓಡಾಡುವುದರಲ್ಲೇ ಹೆಚ್ಚು ಸಮಯ ಕಳೆಯುತ್ತದೆ. ಟೆಕ್ಸಸ್‌ನ ಪರವಾನಗಿ ಕೈಸೇರುವ ತನಕ ಅಲ್ಲಿಯ ವಿಳಾಸವಿರುವ ನಾಮಫಲಕ, ಭೇಟಿಚೀಟಿ, ಲಿಂಕ್ಡ್‌ಇನ್ ಪುಟ ಇವುಗಳಲ್ಲಿ ಹೆಸರಿನ ಮುಂದೆ ಸಿ.ಪಿ.ಎ. ಎಂದು ಬರೆಯಬೇಡಿ. ಮಂಡಳಿಗಳು ಅತ್ಯಂತ ಕಟ್ಟುನಿಟ್ಟಾಗಿ ನೋಡುವ ಸಂಗತಿಗಳಲ್ಲಿ ಇದೂ ಒಂದು. ಕಚೇರಿಯ ಪರವಾನಗಿ ನಿಮ್ಮ ವೈಯಕ್ತಿಕ ಪರವಾನಗಿಗಿಂತ ಬೇರೆಯದು ಎಂಬುದನ್ನೂ ನೆನಪಿನಲ್ಲಿಡಿ. ಒಬ್ಬರೇ ನಡೆಸುವ ಕಚೇರಿಯಾದರೂ ಅದರ ನೋಂದಣಿಯನ್ನು ಪ್ರತ್ಯೇಕವಾಗಿ ವಿಚಾರಿಸಲೇಬೇಕು.

ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ‘ಹೇಗೂ ಊರು ಬಿಡುತ್ತಿದ್ದೇನಲ್ಲ’ ಎಂದು ನ್ಯೂಜೆರ್ಸಿಯ ಪರವಾನಗಿಯ ನವೀಕರಣವನ್ನು ದಯವಿಟ್ಟು ಕೈಬಿಡಬೇಡಿ. ರೆಸಿಪ್ರಾಸಿಟಿ ನಿಂತಿರುವುದೇ ಚಾಲ್ತಿಯಲ್ಲಿರುವ ಪರವಾನಗಿಯ ಮೇಲೆ. ಹಳೆಯದು ಅವಧಿ ಮೀರಿ ಹೊಸದು ಇನ್ನೂ ಬಾರದೆ, ಎರಡು ರಾಜ್ಯಗಳಲ್ಲೂ ಸಿ.ಪಿ.ಎ. ಎನಿಸಿಕೊಳ್ಳಲಾಗದೆ, ಮಾರ್ಚ್‌–ಏಪ್ರಿಲ್‌ನ ತೆರಿಗೆ ಹಂಗಾಮಿನಲ್ಲಿ ಗ್ರಾಹಕರನ್ನು ಕಳೆದುಕೊಂಡು ನೊಂದವರನ್ನು ನಾನು ಬಲ್ಲೆ. ಟೆಕ್ಸಸ್‌ನ ಪರವಾನಗಿ ಕೈಗೆ ಬಂದ ಮೇಲೆ ಹಳೆಯದನ್ನು ಉಳಿಸಿಕೊಳ್ಳುವುದೂ ಬಿಡುವುದೂ ನಿಮ್ಮ ಇಷ್ಟ, ಏಕೆಂದರೆ ಆಗ ನ್ಯೂಜೆರ್ಸಿಯ ಹಳೆಯ ಗ್ರಾಹಕರಿಗೆ ಪ್ಲೇನೋದಿಂದ ಸೇವೆ ಸಲ್ಲಿಸಲು ಅದೇ ಮೊಬಿಲಿಟಿ ನೆರವಾಗುತ್ತದೆ. ಟೆಕ್ಸಸ್‌ನಲ್ಲಿ ಪರವಾನಗಿಯನ್ನು ವರ್ಷಕ್ಕೊಮ್ಮೆ, ನಿಮ್ಮ ಹುಟ್ಟಿದ ತಿಂಗಳ ಕೊನೆಯೊಳಗೆ ನವೀಕರಿಸಬೇಕು. ಮೂರು ವರ್ಷಕ್ಕೊಮ್ಮೆ ನವೀಕರಿಸುವ ನ್ಯೂಜೆರ್ಸಿಯ ರೂಢಿಯವರು ಇದನ್ನು ಸುಲಭವಾಗಿ ಮರೆಯುತ್ತಾರೆ.

ಪ್ರಶ್ನೆ: ಬೆಂಗಳೂರಿನ ಪರೀಕ್ಷಾ ಕೇಂದ್ರದಲ್ಲೇ ಬರೆದು ಸಿ.ಪಿ.ಎ. ಪರೀಕ್ಷೆಯ ನಾಲ್ಕೂ ಭಾಗಗಳಲ್ಲಿ ತೇರ್ಗಡೆಯಾಗಿದ್ದೇನೆ. ಪರವಾನಗಿ ಇನ್ನೂ ಪಡೆದಿಲ್ಲ. ನಾನು ಪರೀಕ್ಷೆಗೆ ಅರ್ಜಿ ಹಾಕಿದ್ದು ಮೊಂಟಾನಾ ರಾಜ್ಯದ ಮೂಲಕ. ಈಗ ಮದುವೆಯಾಗಿ ಸಿಯಾಟಲ್‌ಗೆ ಹೊರಟಿದ್ದೇನೆ. ನಾನು ಮೊಂಟಾನಾದಲ್ಲಿಯೇ ಪರವಾನಗಿ ಪಡೆಯಬೇಕೆ?
— ಜಯನಗರದ ಓದುಗರು

ಉತ್ತರ: ಬೇಕಾಗಿಲ್ಲ. ಯಾವ ರಾಜ್ಯದ ಮೂಲಕ ಪರೀಕ್ಷೆ ಬರೆದರೂ ಅಂಕಗಳನ್ನು ಬೇರೊಂದು ರಾಜ್ಯದ ಮಂಡಳಿಗೆ ವರ್ಗಾಯಿಸುವ ವ್ಯವಸ್ಥೆಯಿದೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಮಂಡಳಿಗೆ ಅಂಕಗಳನ್ನು ಕಳುಹಿಸಿ, ಅಲ್ಲಿಯ ಶಿಕ್ಷಣ ಮತ್ತು ಅನುಭವದ ಷರತ್ತುಗಳನ್ನು ಪೂರೈಸಿ ನೇರವಾಗಿ ಅರ್ಜಿ ಸಲ್ಲಿಸಬಹುದು. ಆದರೆ ನೀವು ವಿಮಾನ ಹತ್ತುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಅನುಭವವನ್ನು ಸಾಮಾನ್ಯವಾಗಿ ಪರವಾನಗಿ ಹೊಂದಿದ ಸಿ.ಪಿ.ಎ. ಒಬ್ಬರೇ ದೃಢೀಕರಿಸಬೇಕಾಗುತ್ತದೆ. ಬೆಂಗಳೂರಿನ ನಿಮ್ಮ ಕಚೇರಿಯಲ್ಲಿ ನಿಮ್ಮ ಕೆಲಸವನ್ನು ಬಲ್ಲ ಅಂಥ ಮೇಲಧಿಕಾರಿ ಯಾರಾದರೂ ಇದ್ದರೆ, ಕೆಲಸ ಬಿಡುವ ಮೊದಲೇ ಅವರನ್ನು ಕಂಡು, ನೀವು ಮಾಡಿದ ಕೆಲಸದ ವಿವರಗಳನ್ನೂ ಗಂಟೆಗಳ ಲೆಕ್ಕವನ್ನೂ ಬರೆಸಿಕೊಂಡು ಸಹಿ ಪಡೆಯಿರಿ. ಅವರೂ ಕಚೇರಿ ಬದಲಿಸಿದ ಮೇಲೆ ದೂರದೇಶದಿಂದ ಹುಡುಕಿಸುವುದು ಬಹಳ ಕಷ್ಟ.

ಭಾರತದಿಂದಲೇ ಪರವಾನಗಿ ಪಡೆಯಲು ಯತ್ನಿಸುವವರಿಗೆ ಕೆಲವು ರಾಜ್ಯಗಳು ಕೇಳುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ದೊಡ್ಡ ತೊಡಕಾಗುತ್ತದೆ. ಪತಿಯ ಮೇಲಿನ ಅವಲಂಬನೆಯ ವೀಸಾದಲ್ಲಿ ಹೋಗುತ್ತಿದ್ದರೆ ನಿಮಗೂ ಆ ಸಂಖ್ಯೆ ತಕ್ಷಣ ದೊರೆಯದೆ ಇರಬಹುದು. ಅಂಥ ಸಂದರ್ಭದಲ್ಲಿ ಏನು ಮಾಡಬೇಕೆಂದು ಮಂಡಳಿಯನ್ನು ಪತ್ರಮುಖೇನ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಸಿ.ಪಿ.ಎ. ಪರವಾನಗಿ ಬೇರೆ, ಅಮೆರಿಕದಲ್ಲಿ ದುಡಿಯುವ ಅನುಮತಿ ಬೇರೆ; ಮೊದಲನೆಯದು ದೊರೆತ ಮಾತ್ರಕ್ಕೆ ಎರಡನೆಯದು ದೊರೆಯುವುದಿಲ್ಲ.