ನೀಲಗಿರಿಗೆ ಖರ್ಚಿಲ್ಲ ಅಂತ ಯಾರು ಹೇಳಿದ್ದು?

ಪ್ರಶ್ನೆ: ಮಾಲೂರು ಹತ್ತಿರ ನಮ್ಮದು ಎರಡು ಎಕರೆ ಇದೆ. ಏಳು ವರ್ಷದ ನೀಲಗಿರಿ ಕಡಿಸಿದಾಗ 1 ಲಕ್ಷ ಕೈಗೆ ಬಂತು. ಬುಡ ಮತ್ತೆ ಚಿಗುರುತ್ತಿದೆ. ನಾನಿರುವುದು ಬೆಂಗಳೂರಿನಲ್ಲಿ. ಖರ್ಚೇ ಇಲ್ಲ, ಹಾಗೇ ಬಿಡಬಹುದಲ್ವಾ?

ಉತ್ತರ: ಬೇಡ. ಈ ‘ಖರ್ಚೇ ಇಲ್ಲ’ ಅನ್ನುವ ಮಾತು ಕೇಳಿ ಕೇಳಿ ನನಗೆ ಬೇಜಾರಾಗಿದೆ.

ಮೊದಲು ನಿಮ್ಮ ಲೆಕ್ಕವನ್ನೇ ನೋಡೋಣ. 1 ಲಕ್ಷವನ್ನು ಏಳರಿಂದ ಭಾಗಿಸಿ ವರ್ಷಕ್ಕೆ 14 ಸಾವಿರ ಅಂದುಕೊಂಡಿರುತ್ತೀರಿ. ಆದರೆ ಹಣ ಬಂದಿದ್ದು ಕೊನೆಯ ವರ್ಷ. ಪ್ರತಿ ವರ್ಷ ಸುಮಾರು 11 ಸಾವಿರವನ್ನು ಶೇ 8ರ ಬಡ್ಡಿಗೆ ಇಡುತ್ತಾ ಹೋಗಿದ್ದರೂ ಏಳು ವರ್ಷಕ್ಕೆ ಅಷ್ಟೇ ಆಗುತ್ತಿತ್ತು. ಅಂದರೆ ನಿಮಗೆ ಸಿಕ್ಕಿದ್ದು ವರ್ಷಕ್ಕೆ ಸುಮಾರು 11 ಸಾವಿರ. ಅದೂ ಎರಡು ಎಕರೆಗೆ! ಮುಂದೆ ಬೇರೆ ಬೆಳೆ ಇಡಬೇಕಾದರೆ ಜೆಸಿಬಿ ತರಿಸಿ ಬುಡ ಕೀಳಿಸಬೇಕು. ಆ ದುಡ್ಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ನೀರಿನ ಬೆಲೆ. ಅದನ್ನು ಕೊಡುವವರು ನೀವಲ್ಲ, ಪಕ್ಕದ ಹೊಲದವರು. ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಜತೆಗಾರರು ಕರ್ನಾಟಕದಲ್ಲಿ ಅಳೆದು ನೋಡಿದ್ದಾರೆ. ನೀಲಗಿರಿ ತೋಪು ರಾಗಿಗಿಂತ ಸುಮಾರು ಎರಡು ಪಟ್ಟು ನೀರು ಬಳಸುತ್ತದೆ. ಹೊಸಕೋಟೆಯ ಆಳ ಮಣ್ಣಿನಲ್ಲಂತೂ ಬಿದ್ದ ಮಳೆಗಿಂತ ಜಾಸ್ತಿ ಬಳಸಿತ್ತು. ನಿಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಣ್ಣಿನೊಳಗಿನ ತೇವವೇ ಊರಿನ ಉಳಿತಾಯ. ಅದನ್ನು ನಿಮ್ಮ ಮರ ಖರ್ಚು ಮಾಡುತ್ತಿದೆ.

ನಿಮ್ಮ ಕಷ್ಟ ನನಗೆ ಗೊತ್ತು. 1980ರ ದಶಕದಲ್ಲಿ, ಹೊಲಗಳಲ್ಲೂ ಮರ ಬೆಳೆಸುವ ಸಾಮಾಜಿಕ ಅರಣ್ಯ ಯೋಜನೆಯ ಹೆಸರಲ್ಲಿ ಸರ್ಕಾರದವರು ನೀಲಗಿರಿ ಸಸಿ ಹಂಚಿದರು. ಆಳುಗಳು ಸಿಗದ ಕಡೆ ರಾಗಿ ಹೊಲಗಳೆಲ್ಲ ತೋಪಾದವು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿಗೆ ಕೊಡುವಂತೆಯೂ ಇಲ್ಲ. ಊರಲ್ಲಿಲ್ಲದ ಮಾಲೀಕರಿಗೆ ಕಾವಲು ಬೇಡದ ಮರವೇ ಸುಲಭವಾಯಿತು. ಜಮೀನಿನ ಬೆಲೆ ಏರುವ ತನಕ ಅದು ಹಾಗೇ ನಿಂತಿರುತ್ತದೆ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ಹಳೆಯ ಬುಡ ಚಿಗುರುತ್ತಲೇ ಇದೆ.

ಬುಡ ಕೀಳಿಸಿ. ಒಂದೇ ಸಲ ಆಗದಿದ್ದರೆ ಪಕ್ಕದವರ ಬೋರ್‌ವೆಲ್‌ಗೆ ಹತ್ತಿರದ ಸಾಲಿನಿಂದ ಶುರು ಮಾಡಿ. ಹುಣಸೆ, ಹೊಂಗೆ ನೆಡಿ. ಗಿಡ ಎತ್ತರವಾಗುವ ತನಕ ನಡುವೆ ರಾಗಿ, ಅವರೆ ಹಾಕಿಸಿ. ತಿಂಗಳಿಗೊಮ್ಮೆಯಾದರೂ ಊರಿಗೆ ಹೋಗಿ ಬನ್ನಿ. ಅದಾಗದಿದ್ದರೆ ಇದ್ಯಾವುದೂ ಆಗುವುದಿಲ್ಲ.

ಪ್ರಶ್ನೆ: ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ಬೋರ್‌ವೆಲ್ ಪಾಯಿಂಟ್ ತೋರಿಸುವವರನ್ನು ಕರೆಸಲೇ?

ಉತ್ತರ: ಬೇಡ. ಕಾಯಿಗೆ ನೀರು ಗೊತ್ತಾಗುವುದಿಲ್ಲ. ಭೂವಿಜ್ಞಾನಿಯನ್ನು ಕರೆಸಿ.

ಪ್ರಶ್ನೆ: ಕಾರ್ಬನ್ ಕ್ರೆಡಿಟ್ (ಮರ ಹೀರುವ ಇಂಗಾಲದ ಲೆಕ್ಕದಲ್ಲಿ ಸಿಗುವ ಹಣ) ಕೊಡಿಸುತ್ತೇವೆ ಅಂತ ಒಬ್ಬರು ಎಕರೆಗಿಷ್ಟು ಮುಂಗಡ ಕೇಳುತ್ತಿದ್ದಾರೆ.

ಉತ್ತರ: ಒಂದು ರೂಪಾಯಿಯೂ ಕೊಡಬೇಡಿ. ವಕೀಲರಿಗೆ ತೋರಿಸದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.