ಸೋಯಾ ಹಿಂಡಿ, ಕುದುರೆ ಮಸಾಲೆ ಸೊಪ್ಪು ನಿಲ್ಲಿಸಿದರೆ ಕುದುರೆ ಗಬ್ಬ ನಿಲ್ಲುತ್ತದೆಯೇ?

ಸದಾ ಬೆದೆಯಲ್ಲಿದ್ದಂತೆ ಕಾಣುತ್ತದೆ, ಗಂಡು ಹತ್ತಿಸಿದರೂ ಗಬ್ಬ ನಿಲ್ಲುತ್ತಿಲ್ಲ, ಮೇವಿನಲ್ಲಿರುವ ಈಸ್ಟ್ರೋಜನ್ (ಹೆಣ್ಣು ಹಾರ್ಮೋನಿನಂಥ ಅಂಶ) ಕಾರಣವೇ ಎಂದು ಕೇಳಿದ್ದೀರಿ. ಬೀದರ್ ಕಡೆ ನಮ್ಮ ಕುದುರೆಯದೂ ಇದೇ ಲಕ್ಷಣ. ಎಲ್ಲರ ಬೆರಳೂ ಸೋಯಾ ಕಡೆಗೇ ಇತ್ತು. ಹಿಂಡಿ ನಿಂತಿತು, ಲಕ್ಷಣ ಮಾತ್ರ ಹಾಗೇ ಉಳಿಯಿತು. ಕಾರಣ ಗ್ವಾದಲಿಯಲ್ಲಿದ್ದ ಹಸಿ ಜೋಳ. ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಅದು ಬೆದೆಯೋ ಮೂತ್ರಕೋಶದ ರೋಗವೋ, ಮೊದಲು ಅದನ್ನು ತಿಳಿಯಿರಿ.

ನಿಜವಾದ ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ, 5ರಿಂದ 7 ದಿನ ಇರುತ್ತದೆ. ಗಂಡು ಎದುರಿಗೆ ಬಂದಾಗ ಬಾಲ ಎತ್ತಿ, ಯೋನಿದ್ವಾರ ತೆರೆದು ಮುಚ್ಚಿ, ಸ್ವಲ್ಪ ಸ್ವಲ್ಪ ಮೂತ್ರ ಬಿಡುತ್ತದೆ. ಬೆದೆ ಇಳಿದ ಮೇಲೆ ಎರಡು ವಾರ ಗಂಡನ್ನು ಒದ್ದು ಓಡಿಸುತ್ತದೆ. ಹಸಿ ಜೋಳ, ಅದರಲ್ಲೂ ಕೂಳೆ ಚಿಗುರು (ಕೊಯ್ದ ಬುಡದಿಂದ ಮತ್ತೆ ಬಂದ ಚಿಗುರು), ದಿನಾ ತಿಂದ ಕುದುರೆಯಲ್ಲಿ ಹಾಗಿಲ್ಲ. ಎಳೆ ಜೋಳದ ಸಯನೈಡ್ ಅಂಶ ವಾರಗಟ್ಟಲೆ ಹೊಟ್ಟೆಗೆ ಹೋಗಿ ಬೆನ್ನುಹುರಿಯ ಹಿಂಭಾಗದ ನರ ಕೆಡುತ್ತದೆ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸೋಂಕು ಕೂರುತ್ತದೆ. ಗಂಡು ಹತ್ತಿರವಿಲ್ಲದಿದ್ದರೂ ಮೂತ್ರ ತೊಟ್ಟಿಕ್ಕುತ್ತಲೇ ಇರುತ್ತದೆ. ಯೋನಿದ್ವಾರ ಇಲ್ಲೂ ತೆರೆದು ಮುಚ್ಚುವುದರಿಂದ ನೋಡಿದವರು ಬೆದೆ ಅಂದುಕೊಳ್ಳುತ್ತಾರೆ. ಬಾಲ ಎತ್ತಿ ತೊಡೆಯ ಒಳಭಾಗ ನೋಡಿ: ಕೂದಲು ಉದುರಿ ಚರ್ಮ ಕೆಂಪಾಗಿ ಬೆಂದಂತಿದ್ದರೆ ಅದು ಬೆದೆಯಲ್ಲ. ಹಿಂದಕ್ಕೆ ನಾಲ್ಕು ಹೆಜ್ಜೆ ನಡೆಸಿ, ಚಿಕ್ಕ ಸುತ್ತಿನಲ್ಲಿ ತಿರುಗಿಸಿ. ಹಿಂಗಾಲು ತೂರಾಡಿದರೆ ಅದೇ ದಿನ ವೈದ್ಯರಿಗೆ ತೋರಿಸಿ, ಹಸಿ ಜೋಳ ಪೂರ್ತಿ ಬಿಡಿಸಿ. ಚೆನ್ನಾಗಿ ಒಣಗಿದ ಕಣಕಿಯಲ್ಲಿ ಈ ಅಪಾಯ ತೀರಾ ಕಡಿಮೆ.

ಇನ್ನು ಈಸ್ಟ್ರೋಜನ್ ಮಾತು. ಅದು ಪೂರ್ತಿ ಸುಳ್ಳಲ್ಲ. ಸೋಯಾದ ಜೆನಿಸ್ಟೀನ್ ಮತ್ತು ಡೈಡ್ಜೀನ್, ಕುದುರೆ ಮಸಾಲೆಯ ಕೌಮೆಸ್ಟ್ರಾಲ್ ದೇಹದ ಈಸ್ಟ್ರೋಜನ್ ಕೂರುವ ಜಾಗದಲ್ಲೇ ಕೂರುತ್ತವೆ, ಬಲ ಮಾತ್ರ ಕಡಿಮೆ. ಹೆಚ್ಚಾದರೆ ಮಿದುಳು ಮತ್ತು ಅಂಡಾಶಯದ ನಡುವಿನ ಸಂದೇಶ ಗಲಿಬಿಲಿಯಾಗಿ ಅಂಡ ಬಿಡುಗಡೆ ತಡವಾಗಬಹುದು, ಗರ್ಭಕೋಶ ಊದಬಹುದು. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕುರಿಗಳು ಕ್ಲೋವರ್ ಎಂಬ ಮೇವಿನ ಗಿಡದ ಒಂದು ಜಾತಿಯನ್ನು ಮೇದು ಬಂಜೆಯಾದದ್ದೂ ನಿಜ. ಆದರೆ ಕುರಿಯ ಮೊದಲ ಹೊಟ್ಟೆಯಲ್ಲೇ ಕ್ಲೋವರ್‌ನ ಈಸ್ಟ್ರೋಜನ್‌ನಂಥ ವಸ್ತು ಬದಲಾಗಿ ಪ್ರಬಲವಾಗುತ್ತದೆ. ಕುದುರೆಗೆ ಅಂಥ ಹೊಟ್ಟೆಯೇ ಇಲ್ಲ. ಕುರಿಯ ಲೆಕ್ಕವನ್ನು ಕುದುರೆಗೆ ಹಚ್ಚಬೇಡಿ.

ಕುದುರೆ ಮಸಾಲೆಯಲ್ಲಿ ನೋಡಬೇಕಾದ್ದು ಎಲೆಯ ಆರೋಗ್ಯ. ಎಲೆ ಮೇಲೆ ಗುಂಡುಸೂಜಿ ತಲೆಯಷ್ಟು ಕಂದು ಚುಕ್ಕೆ, ಚಿಗುರಿನಲ್ಲಿ ಹೇನು ಕಂಡರೆ ಆ ಕಟಾವು ಎತ್ತಿಗೆ ಹಾಕಿ, ಗಬ್ಬಕ್ಕೆ ತಯಾರಾಗುವ ಕುದುರೆಗೆ ಬೇಡ. ರೋಗಕ್ಕೆ ಎದುರಾಗಿಯೇ ಗಿಡ ಕೌಮೆಸ್ಟ್ರಾಲ್ ಹೆಚ್ಚಿಸಿಕೊಳ್ಳುತ್ತದೆ. ಸೋಯಾ ಹುರಿದರೂ ಐಸೊಫ್ಲೇವೋನ್ (ಮೇಲೆ ಹೇಳಿದ ಜೆನಿಸ್ಟೀನ್, ಡೈಡ್ಜೀನ್) ಹೋಗುವುದಿಲ್ಲ. ಹುರಿಯುವುದು ಜೀರ್ಣಕ್ಕೆ ಅಡ್ಡಿಯಾಗುವ ಅಂಶ ಕಳೆಯಲಿಕ್ಕೆ. ಸೋಯಾ ಬಿಟ್ಟು ಅಗಸಿ ಹಿಂಡಿಗೆ ಹೋದರೂ ಲಾಭವಿಲ್ಲ, ಅದರಲ್ಲಿ ಲಿಗ್ನಾನ್ ಎಂಬ ಅಂಥದೇ ಅಂಶ ಇದೆ. ನೆನೆಸಿದ ಕಡಲೆಯೇ ವಾಸಿ.

ನನ್ನನ್ನು ಕೇಳಿದರೆ ಬೂಸ್ಟು ಹಿಡಿದ ಗೋವಿನಜೋಳಕ್ಕೆ ಸೋಯಾಕ್ಕಿಂತ ಹೆಚ್ಚು ಹೆದರಬೇಕು. ಅದರ ಫ್ಯುಸೇರಿಯಂ ಬೂಸ್ಟು ಜಿಯರಲೆನೋನ್ ಎಂಬ ಈಸ್ಟ್ರೋಜನ್‌ನಂಥ ವಿಷ ಮಾಡುತ್ತದೆ. ಅದೇ ಜಾತಿಯ ಬೂಸ್ಟಿನ ಮತ್ತೊಂದು ವಿಷ ಕುದುರೆಯ ಮಿದುಳು ಕರಗಿಸಿ ಕೊಲ್ಲುತ್ತದೆ. ಒಂದು ಬೊಗಸೆ ಕಾಳಿನ ಮೇಲೆ ಅನುಮಾನ ಬಂದರೂ ಚೀಲ ಪೂರ್ತಿ ತಿಪ್ಪೆಗೆ.

ಬದಲಾಯಿಸುವುದಾದರೆ ಎಲ್ಲ ಒಟ್ಟಿಗೆ ಬೇಡ. ಒಂದೊಂದೇ ಮೇವನ್ನು 7ರಿಂದ 10 ದಿನಗಳಲ್ಲಿ ಇಳಿಸಿ, ಇಲ್ಲದಿದ್ದರೆ ಹೊಟ್ಟೆನೋವು ಬರುತ್ತದೆ. 350 ಕೆಜಿ ಕುದುರೆಗೆ ದಿನಕ್ಕೆ 5ರಿಂದ 7 ಕೆಜಿ ಒಣ ಮೇವು ಇರಲೇಬೇಕು. ಆಮೇಲೆ ಎರಡು ಬೆದೆ ಕಾದು ನೋಡಿ. ಅಷ್ಟರಲ್ಲಿ ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಗರ್ಭಕೋಶದ ಸೋಂಕು ಪರೀಕ್ಷೆ, ಸ್ಕ್ಯಾನಿಂಗ್ ಬಗ್ಗೆ ವಿಚಾರಿಸಿ. ಗಬ್ಬ ನಿಲ್ಲದಿರಲು ಸೋಂಕು ಮತ್ತು ತಪ್ಪಿದ ಸಮಯವೇ ಹೆಚ್ಚಿನ ಕಾರಣ. ಅಂಡ ಬಿಡುಗಡೆ ಬೆದೆ ಮುಗಿಯುವ 24ರಿಂದ 48 ಗಂಟೆ ಮೊದಲು ಆಗುತ್ತದೆ. ಆದ್ದರಿಂದ ಬೆದೆಯ ಎರಡನೇ ದಿನದಿಂದ ಕುದುರೆ ಒಲ್ಲೆ ಅನ್ನುವವರೆಗೆ ದಿನ ಬಿಟ್ಟು ದಿನ ಹತ್ತಿಸಿ, ಅಂಡ ಬಿಟ್ಟ 14ರಿಂದ 16ನೇ ದಿನದೊಳಗೆ ಸ್ಕ್ಯಾನ್ ಮಾಡಿಸಿ.